ನೀರಿನ ಲೆಕ್ಕ ಯಾರ ತಲೆಗೆ?
(ಹುನ್ನೂರಿನ ಸಭೆಯಲ್ಲಿ ಆಡಿದ ಭಾಷಣದ ಸಾರ)



ಕಾರಖಾನೆಯ ಪಾಳಿ ಮುಗಿಸಿದವರು, ಅಂಗಡಿಯ ಬಾಗಿಲು ಹಾಕಿ ಬಂದವರು ಇಲ್ಲಿ ಕೂಡಿದ್ದೀರಿ. ಇಂದು ನಾವು ಹೇಳುವುದು ನೀರಿನ ಮಾತು. ಅದು ನಿಮ್ಮ ಪಗಾರದ ಮಾತೂ ಹೌದು, ವ್ಯಾಪಾರದ ಮಾತೂ ಹೌದು.

ಜಮಖಂಡಿ ಸೀಮೆಗೆ ನೀರು ತಾನಾಗಿ ಬಂದದ್ದಲ್ಲ. 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಒಡ್ಡು ಹಾಕಿದವರು ಒಕ್ಕಲು ಮಕ್ಕಳು. ಸರಕಾರದ ಹಾದಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ, ತಾವೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಬಂತು. ಜನರ ಬೆವರಿನಿಂದ ನಿಂತ ಆ ನೀರು ಜನರ ಸೊತ್ತು.

ನೀರಿನ ಬೆನ್ನಿಗೆ ಕಬ್ಬು ಹಬ್ಬಿತು, ಕಬ್ಬಿನ ಬೆನ್ನಿಗೆ ಕಾರಖಾನೆಗಳು ಹೆಚ್ಚಿದವು. ಕೈಗೆ ಕೆಲಸ ಸಿಕ್ಕಿತು, ಸಂತೆ ಬೆಳೆಯಿತು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಏಳಿಗೆಯ ಲೆಕ್ಕದಲ್ಲಿ ಖರ್ಚಿನ ಪುಟವನ್ನು ಯಾರೂ ಓದುತ್ತಿಲ್ಲ.

ಎರೆಮಣ್ಣಿಗೆ ಅಳತೆಯಿಲ್ಲದೆ ನೀರು ಹಾಯಿಸಿದರೆ, ಬಸಿದು ಹೋಗಲು ದಾರಿಯಿಲ್ಲದಿದ್ದರೆ, ಒಳಗಿನ ಉಪ್ಪು ಮೇಲೇರುತ್ತದೆ; ಹೊಲ ಸವಳಾಗುತ್ತದೆ. ಇನ್ನು ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ ಸುಮಾರು 8ರಿಂದ 15 ಲೀಟರ್ ಕಪ್ಪು ಕೊಳೆನೀರು ಹುಟ್ಟುತ್ತದೆ. ಅದನ್ನು ಶುದ್ಧಿ ಮಾಡದೆ ಹಳ್ಳಕ್ಕೆ ಬಿಟ್ಟರೆ ನೀರಿನೊಳಗಿನ ಪ್ರಾಣವಾಯುವೇ ತೀರಿ ಮೀನು ಸಾಯುತ್ತದೆ, ಬಾವಿ ಕೆಡುತ್ತದೆ. ಶುದ್ಧಿಯ ಖರ್ಚು ಉಳಿಸಿದವನು ಮಾಲಕ; ಆ ಖರ್ಚನ್ನು ತೆರುವವಳು ಕುಡಿಯುವ ನೀರಿಗಾಗಿ ಕೊಡ ಹೊತ್ತು ದೂರ ಹೋಗುವ ತಾಯಿ.

"ನಿಯಮ ಬಿಗಿ ಮಾಡಿದರೆ ಕಾರಖಾನೆ ಮುಚ್ಚುತ್ತದೆ, ನಿಮ್ಮ ಕೆಲಸ ಹೋಗುತ್ತದೆ" ಎಂದು ಕಾರ್ಮಿಕನನ್ನು ಹೆದರಿಸುತ್ತಾರೆ. ನಾವು ಕೇಳುತ್ತೇವೆ: ಹೊಲ ಸವಳಾಗಿ ಕಬ್ಬು ಬಾರದಿದ್ದರೆ ಕಾರಖಾನೆ ಏನನ್ನು ನುರಿಸುತ್ತದೆ? ಮಾಲಕ ಯಂತ್ರ ಮಾರಿ ಬೇರೆ ಊರಿಗೆ ಹೋದಾನು. ಭೂಮಿಯನ್ನು ಹೊತ್ತು ನಾವು ಎಲ್ಲಿಗೆ ಹೋಗೋಣ?

ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ತೂಕದ ಕಲ್ಲಿಗೆ ಸರಕಾರದ ಮುದ್ರೆ ಏಕೆ ಬೇಕು? ಕಳ್ಳತೂಕದವನು ಅಗ್ಗಕ್ಕೆ ಮಾರಿ ಪ್ರಾಮಾಣಿಕನನ್ನು ಮುಳುಗಿಸದಿರಲಿ ಎಂದು. ನೀರಿನ ನಿಯಮವೂ ಅಂಥದೇ. ಕೊಳೆಯನ್ನು ಶುದ್ಧಿ ಮಾಡುವ ಕಾರಖಾನೆಗೆ ಅದು ರಕ್ಷಣೆ.

ಕಾಯಿದೆ ಇಲ್ಲವೆಂದಲ್ಲ. 1974ರ ಜಲಮಾಲಿನ್ಯ ಕಾಯಿದೆಯಂತೆ ಮಂಡಳಿಯ ಸಮ್ಮತಿಯಿಲ್ಲದೆ ಕೊಳೆನೀರು ಹೊರಬಿಡುವಂತಿಲ್ಲ. 2006ರ ಕೇಂದ್ರ ಅಧಿಸೂಚನೆಯಂತೆ ದೊಡ್ಡ ಸಕ್ಕರೆ ಕಾರಖಾನೆ, ಡಿಸ್ಟಿಲರಿ ಏಳುವ ಮೊದಲು ಸ್ಥಳದ ಸಮೀಪದಲ್ಲೇ ಜನರ ಅಹವಾಲು ಕೇಳಬೇಕು. 30 ದಿನ ಮೊದಲು ಸಾರಬೇಕು. ವರದಿಯ ಸಾರಾಂಶ ನಮ್ಮ ಭಾಷೆಯಲ್ಲಿ ಸಿಗಬೇಕು. ಆದರೆ 2021ರಲ್ಲಿ, ಪೆಟ್ರೋಲಿಗೆ ಬೆರೆಸುವ ಎಥೆನಾಲಿಗಾಗಿ, ಮೊದಲೇ ಪರಿಸರ ಅನುಮತಿ ಪಡೆದ ಘಟಕಗಳ ವಿಸ್ತರಣೆಗೆ ಈ ಸಭೆ ಬೇಡವೆಂದು ಕೇಂದ್ರ ಸರಕಾರ ವಿನಾಯಿತಿ ಕೊಟ್ಟಿತು. ಊರಿನ ಬಾಯಿ ಕಟ್ಟಿ ಊರು ಉದ್ಧಾರವಾಗುವುದುಂಟೇ?

ಹಾಗೆಂದು ನಿಯಮದ ಕೋಲು ಬಡವನ ಬೆನ್ನಿಗೇ ಬೀಳಬಾರದು. ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕಿ ಬದುಕುವ ಸಣ್ಣವನು ಶುದ್ಧೀಕರಣದ ಘಟಕವನ್ನು ಒಬ್ಬನೇ ಕಟ್ಟಲಾರ. ಅಂಥವರಿಗೆಲ್ಲ ಸೇರಿ ಒಂದು ಘಟಕವನ್ನು ಸರಕಾರವೇ ಕಟ್ಟಿಕೊಡಬೇಕು. ಬಂಡವಾಳಗಾರನಿಗೆ ವಿನಾಯಿತಿ, ಬಣ್ಣದವನಿಗೆ ನೋಟೀಸು ಎಂಬುದು ನ್ಯಾಯವಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ನಾಲ್ಕು. ಅಹವಾಲು ಸಭೆಯ ವಿನಾಯಿತಿ ರದ್ದಾಗಲಿ. ಹಳ್ಳ, ಬಾವಿಗಳ ನೀರಿನ ಪರೀಕ್ಷೆಯ ಫಲವನ್ನು ತಿಂಗಳಿಗೊಮ್ಮೆ ಕನ್ನಡದಲ್ಲಿ ಪಂಚಾಯತಿಯ ಹಲಗೆಗೆ ಹಚ್ಚಲಿ. ಸವಳು ಭೂಮಿಗೆ ಬಸಿಗಾಲುವೆ, ಕಬ್ಬಿಗೆ ಹನಿ ನೀರಾವರಿ ಸಣ್ಣ ಹಿಡುವಳಿದಾರನಿಗೂ ಸಿಗಲಿ. ನಾಲ್ಕನೆಯದೇ ಮುಖ್ಯ: ಮಾಲಕನ ತಪ್ಪಿಗಾಗಿ ಕಾರಖಾನೆಗೆ ಬೀಗ ಬಿದ್ದರೆ, ಆ ದಿನಗಳ ಪೂರ್ತಿ ಪಗಾರವನ್ನು ಮಾಲಕನೇ ಕೊಡಲಿ. ಈ ಭರವಸೆ ಇಲ್ಲದಿರುವತನಕ ಒಳಗಿನ ಕಾರ್ಮಿಕ ಬಾಯಿ ಬಿಡಲಾರ. ರಾತ್ರಿ ಯಾವ ಕೊಳವೆ ತೆರೆಯುತ್ತದೆಂದು ಬಲ್ಲವನು ಅವನೇ.

ಬಂಧುಗಳೇ, ಕೃಷ್ಣೆಯನ್ನು ತಡೆದು ನಿಲ್ಲಿಸಿದ ಜನ ನಾವು. ಅದೇ ಒಗ್ಗಟ್ಟಿನಿಂದ ಅವಳ ನೀರನ್ನು ಶುದ್ಧವಾಗಿ ಉಳಿಸಿಕೊಳ್ಳುವುದೂ ನಮ್ಮಿಂದ ಆಗದ ಕೆಲಸವಲ್ಲ.