ಇಂಗ್ಲಿಷ್ ವಾಕ್ಯದಲ್ಲಿ ನಾವು ಎಡವುವುದೆಲ್ಲಿ?
(ಗೊರೇಬಾಳದಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಒಂದು ಸಂಘದವರು ಬ್ಯಾಂಕಿಗೆ ಅರ್ಜಿ ಬರೆದಿದ್ದರು. ಇಂಗ್ಲಿಷಿನಲ್ಲೇ ಬರೆದರೆ ಮರ್ಯಾದೆ ಅಂತ ಹತ್ತನೇ ತರಗತಿಯ ಹುಡುಗಿಯಿಂದ ಬರೆಸಿದರು. "ನಮ್ಮ ಸಂಘಕ್ಕೆ ಬ್ಯಾಂಕು ಸಾಲ ಕೊಟ್ಟಿತ್ತು" ಅನ್ನುವುದು ಅವರ ಮಾತು. ಕಾಗದದಲ್ಲಿ ಬಂದದ್ದು "ಅವರ್ ಗ್ರೂಪ್ ಗೇವ್ ಲೋನ್ ಬ್ಯಾಂಕ್" ಅಂತ. "ಏನಮ್ಮಾ, ನೀವೇ ಬ್ಯಾಂಕಿಗೆ ಸಾಲ ಕೊಟ್ಟೀರೇನು?" ಅಂತ ಅಲ್ಲಿದ್ದವರು ನಕ್ಕರು. ಆ ಅಕ್ಕ ಅರ್ಜಿ ಮಡಚಿಕೊಂಡು ಬಂದವರು ಎರಡು ತಿಂಗಳು ಬ್ಯಾಂಕಿನ ಮೆಟ್ಟಿಲು ಹತ್ತಲಿಲ್ಲ. ಭತ್ತದ ನಾಟಿ ನಿಲ್ಲುತ್ತದೇನು? ಕೈಸಾಲ ಮಾಡಿ ಬಡ್ಡಿ ಕಟ್ಟಿದರು.

ಹುಡುಗಿ ದಡ್ಡಿಯಲ್ಲ. ನಮ್ಮ ಭಾಷೆಯ ನಡಿಗೆಯೇ ಬೇರೆ. "ಅತ್ತೆ ಸೊಸೆಗೆ ಸೀರೆ ಕೊಟ್ಟಳು" ಅನ್ರಿ, "ಸೊಸೆಗೆ ಅತ್ತೆ ಸೀರೆ ಕೊಟ್ಟಳು" ಅನ್ರಿ, ಕೊಟ್ಟವಳು ಅತ್ತೆಯೇ. "ಸೊಸೆಗೆ" ಅನ್ನುವಲ್ಲಿರುವ "ಗೆ" ಪ್ರತ್ಯಯ ಎಲ್ಲಿ ಹೋದರೂ ಯಾರಿಗೆ ಅನ್ನುವುದನ್ನು ಹೇಳುತ್ತದೆ. ಇಂಗ್ಲಿಷಿನಲ್ಲಿ ಹೆಸರಿಗೆ ಅಂಥ ಬಾಲವಿಲ್ಲ, ನಿಂತ ಜಾಗವೇ ಮುಖ್ಯ. ಮೊದಲು ಮಾಡಿದವರು, ಆಮೇಲೆ ಕ್ರಿಯಾಪದ, ಉಳಿದದ್ದು ಅದರ ಹಿಂದೆ. "ದ ಬ್ಯಾಂಕ್ ಗೇವ್ ಎ ಲೋನ್ ಟು ಅವರ್ ಗ್ರೂಪ್." ಜಾಗ ಅದಲು ಬದಲಾದರೆ ಸಾಲಗಾರರೂ ಅದಲು ಬದಲು! ಕ್ಯಾಂಪಿನ ತೆಲುಗು ಅಕ್ಕಂದಿರಿಗೂ, ಮನೆಯಲ್ಲಿ ಉರ್ದು ಮಾತಾಡುವವರಿಗೂ ಇದೇ ತೊಡಕು, ಆ ಭಾಷೆಗಳಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ.

ಇನ್ನೊಂದು. "ಇವಳು ನನ್ನ ಮಗಳು" ಅಂದರೆ ನಮಗೆ ವಾಕ್ಯ ಮುಗಿಯಿತು, ಕ್ರಿಯಾಪದ ಬೇಕಿಲ್ಲ. "ಶಿ ಮೈ ಡಾಟರ್" ಅಂದರೆ ಇಂಗ್ಲಿಷಿನಲ್ಲಿ ಕುಂಟು. ನಡುವೆ "ಈಸ್" ಬೇಕು: "ಶಿ ಈಸ್ ಮೈ ಡಾಟರ್." ಹಾಗೇ "ನಿನ್ನೆ ಬಂದೆ" ಅಂದರೆ ಬಂದದ್ದು ನಾನು ಅಂತ "ಬಂದೆ"ಯೇ ಹೇಳುತ್ತದೆ. "ಕೇಮ್" ಹೇಳುವುದಿಲ್ಲ, ಅದಕ್ಕೆ "ಐ ಕೇಮ್ ಯೆಸ್ಟರ್‌ಡೇ" ಅನ್ನಬೇಕು. ಮಳೆ ಬಂದರೂ "ಇಟ್ ಈಸ್ ರೈನಿಂಗ್" ಅಂತಾರೆ. ಆ "ಇಟ್" ಯಾರು ಅಂತ ಕೇಳಬೇಡಿರಿ, ಯಾರೂ ಅಲ್ಲ. ಕುರ್ಚಿ ಖಾಲಿ ಇರಬಾರದು ಅಂತ ಕೂಡಿಸಿದ್ದು, ಅಷ್ಟೇ.

ನಾವೂ ಕನ್ನಡ ಶಾಲೆಯಲ್ಲಿ ಓದಿದವರೇ. ಎಂ.ಎಸ್.ಡಬ್ಲ್ಯು. ತರಗತಿಯಲ್ಲಿ ಗೆಳತಿಗೆ "ಡಿಡ್ ಯು ವೆಂಟ್?" ಅಂತ ಜೋರಾಗಿ ಕೇಳಿ ಇಡೀ ತರಗತಿಯನ್ನು ನಗಿಸಿದ್ದೇವೆ. ವಾರಗಟ್ಟಲೆ ಬಾಯಿ ತೆರೆಯಲಿಲ್ಲ. "ಡಿಡ್" ಭೂತಕಾಲದ ಭಾರ ಹೊತ್ತ ಮೇಲೆ "ವೆಂಟ್" ಮತ್ತೆ ಹೊರಬೇಕಿಲ್ಲ, "ಡಿಡ್ ಯು ಗೋ?" ಸಾಕು. ಪ್ರಶ್ನೆಯಲ್ಲಿ "ವೇರ್ ಯು ಆರ್ ಗೋಯಿಂಗ್" ಅಲ್ಲ, "ವೇರ್ ಆರ್ ಯು ಗೋಯಿಂಗ್".

ಒಂದು ಮಾತು ಗಟ್ಟಿಯಾಗಿ ಹೇಳುತ್ತೇವೆ. ಬ್ಯಾಂಕಿಗೆ ಇಂಗ್ಲಿಷ್ ಕಡ್ಡಾಯವೇನಲ್ಲ. ಖಾತೆ ತೆರೆಯುವ ಫಾರಂ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ಕು ಇಂಗ್ಲಿಷ್, ಹಿಂದಿ ಜೊತೆಗೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಚೆಕ್ಕನ್ನೂ ಕನ್ನಡದಲ್ಲಿ ಬರೆಯಬಹುದು. ಕೌಂಟರಿನಲ್ಲಿ ಕನ್ನಡ ಫಾರಂ ಕೇಳ್ರಿ.

ಹಾಗಾದರೆ ಇಂಗ್ಲಿಷ್ ಯಾಕೆ? ಮಕ್ಕಳಿಗಾಗಿ. 2007-08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದಿದೆ. ರಾತ್ರಿ ಮಗು ಬರೆದದ್ದನ್ನು ಓದಿಸ್ರಿ. ಅರ್ಥ ಗೊತ್ತಿಲ್ಲದಿದ್ದರೂ "ಮಾಡಿದವರು ಯಾರು? ಎಲ್ಲಿ ತೋರಿಸು. ಕ್ರಿಯಾಪದ ಎಲ್ಲಿ?" ಅಂತ ಎರಡು ಪ್ರಶ್ನೆ ಕೇಳ್ರಿ. ಬೆರಳಿಡಲು ಜಾಗ ಸಿಗದಿದ್ದರೆ ಮಗುವೇ ತಿದ್ದುತ್ತದೆ.

ಮುಂದಿನ ಸಭೆಗೆ ಪ್ರತಿಯೊಬ್ಬರೂ ನಡಾವಳಿ ಪುಸ್ತಕದಿಂದ ಒಂದು ಕನ್ನಡ ವಾಕ್ಯ ಆರಿಸಿಕೊಂಡು ಬರ್ರಿ. ಕಪ್ಪು ಹಲಗೆಯ ಮೇಲೆ ಕೂಡಿ ಇಂಗ್ಲಿಷಿಗೆ ತರೋಣ. ಮೊದಲು ಆ ಸಾಲದ ಅರ್ಜಿಯ ವಾಕ್ಯವನ್ನೇ ಬರೆಯೋಣ. ಆ ಅಕ್ಕನೂ ಇವತ್ತು ಇಲ್ಲೇ ಕೂತಿದ್ದಾರೆ, ಸೀಮೆಸುಣ್ಣ ಅವರ ಕೈಗೇ ಕೊಡುತ್ತೇವೆ.