ವಾರಕ್ಕೊಂದು ಆಟ

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲಿನಲ್ಲಿ ಕುಳಿತವರು, ಕವಲಂದೆ ದಾಟಿ, ನಗರ ಇನ್ನೇನು ಬಂದೀತು ಎನ್ನುವ ಹೊತ್ತಿಗೆ ಬದನಗುಪ್ಪೆ ಎಂಬ ಸಣ್ಣ ನಿಲ್ದಾಣವನ್ನು ಕಂಡಿರಬಹುದು. ಕಾಣದೆಯೂ ಇರಬಹುದು; ಅಲ್ಲಿ ಗಾಡಿ ನಿಲ್ಲುವುದು ಬಹಳ ಹೊತ್ತಲ್ಲ. ಈಚೆಗೆ ಕೈಗಾರಿಕಾ ಪ್ರದೇಶದ ದೆಸೆಯಿಂದ ಊರಿನ ಹೆಸರು ಪತ್ರಿಕೆಗಳಲ್ಲಿ ಬರುವುದುಂಟು. ಕಾಲೇಜೊಂದರಲ್ಲಿ ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತನಾದ ಮೇಲೆ ನಾನು ಇಲ್ಲಿಗೆ ಬಂದು ನೆಲೆಸಿದೆ. ನನ್ನ ಮನೆಯ ಜಗಲಿಯ ಮೇಲೆ ಪ್ರತಿ ಶನಿವಾರ ಮಧ್ಯಾಹ್ನ ನಡೆಯುವ ಒಂದು ವ್ಯವಹಾರವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದನ್ನು ಪಾಠ ಎನ್ನಬೇಕೋ ಆಟ ಎನ್ನಬೇಕೋ ಎಂಬ ವಿಚಾರದಲ್ಲಿ ನನಗೂ ಊರಿನವರಿಗೂ ಇನ್ನೂ ಒಮ್ಮತವಿಲ್ಲ.

ಅಕ್ಕಪಕ್ಕದ ಹಳ್ಳಿಗಳಿಂದ ಚಾಮರಾಜನಗರದ ಕಾಲೇಜುಗಳಿಗೆ ಹೋಗಿಬರುವ ಕೆಲವು ಹುಡುಗರೂ ಹುಡುಗಿಯರೂ ಬರುತ್ತಾರೆ. ಎರಡು ಹಳೆಯ ಲ್ಯಾಪ್‌ಟಾಪುಗಳಿವೆ. ಅವುಗಳಲ್ಲಿ ಇವರು ಆಟಗಳನ್ನು ತಯಾರಿಸುತ್ತಾರೆ. ಆಡುವುದಲ್ಲ, ತಯಾರಿಸುವುದು, ಗಣಕಯಂತ್ರಕ್ಕೆ ಆಟದ ನಿಯಮವನ್ನು ತಿಳಿಯಹೇಳಿ ಅದರ ಕೈಯಲ್ಲಿ ಆಡಿಸುವುದು. ಒಂದು ಶನಿವಾರ ಹಿಡಿದ ಆಟ ಮುಂದಿನ ಶನಿವಾರಕ್ಕೆ ಮುಗಿದಿರಬೇಕು. ಚೆನ್ನಾಗಿರಬೇಕೆಂಬ ಕರಾರಿಲ್ಲ. ಮುಗಿದಿರಬೇಕು, ಮತ್ತು ತಯಾರಿಸಿದವರನ್ನು ಬಿಟ್ಟು ಬೇರೊಬ್ಬರು ಕುಳಿತು ಆಡುವಂತಿರಬೇಕು.

ಗಣಕಯಂತ್ರದ ವಿದ್ಯೆಯನ್ನು ನಾನು ಕಲಿತ ಬಗೆ ಬೇರೆ. ಅದು 1978ರ ಮಾತು. ಫೋರ್‌ಟ್ರಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಒಂದೊಂದು ರಟ್ಟಿನ ಕಾರ್ಡಿನಲ್ಲಿ ತೂತು ಕೊರೆಸಿ, ಕಾರ್ಡುಗಳ ಕಟ್ಟನ್ನು ರಬ್ಬರಿನಿಂದ ಬಿಗಿದು ಕಿಟಕಿಯೊಂದರಲ್ಲಿ ಕೊಟ್ಟು ಬರುತ್ತಿದ್ದೆವು. ಯಂತ್ರವನ್ನು ಗಾಜಿನ ಆಚೆಯಿಂದ ನೋಡಬಹುದಿತ್ತು, ಮುಟ್ಟುವಂತಿರಲಿಲ್ಲ. ನನ್ನ ಮೊದಲ ಕಟ್ಟು ಒಂದು ವಾರದ ಮೇಲೆ ಹಿಂದಕ್ಕೆ ಬಂತು. ಒಂದು ಅಲ್ಪವಿರಾಮ ಬಿಟ್ಟುಹೋಗಿದೆಯೆಂದು ಅಚ್ಚಾಗಿ ಬಂದ ಹಾಳೆ ತಿಳಿಸಿತು. ತಿದ್ದಿ ಕೊಟ್ಟೆ. ಇನ್ನೊಂದು ವಾರಕ್ಕೆ ಇನ್ನೊಂದು ತಪ್ಪು. ಆ ವರ್ಷ ಮುಗಿಯುವಷ್ಟರಲ್ಲಿ ನನಗೆ ಯಂತ್ರದ ಬಗೆಗೆ ಗೌರವ ಬೆಳೆದಿತ್ತು, ಸಲಿಗೆ ಬೆಳೆದಿರಲಿಲ್ಲ. ಸಲಿಗೆಯಿಲ್ಲದೆ ಯಾವ ಉಪಕರಣವೂ ಕೈಗೆ ಹತ್ತುವುದಿಲ್ಲವೆಂಬುದನ್ನು ಒಕ್ಕಲಿಗರಿಗೂ ಬಡಗಿಗಳಿಗೂ ನಾನು ಹೇಳಬೇಕಾಗಿಲ್ಲ.

ಇಷ್ಟನ್ನು ಅನುಭವಿಸಿದವನು ಮಕ್ಕಳಿಗೆ ಹೇಳಿಕೊಡುವಾಗ ಬೇರೆ ದಾರಿ ಹಿಡಿದನೇ ಎಂದರೆ ಅದೂ ಇಲ್ಲ. ಮೊದಲ ಸಲ ನಾನು ಪುಸ್ತಕದ ಕ್ರಮದಲ್ಲಿಯೇ ನಡೆದೆ. ಚರಾಂಶವೆಂದರೇನು, ಆವರ್ತನೆಯೆಂದರೇನು, ಒಂದರಿಂದ ನೂರರವರೆಗೆ ಕೂಡಿಸುವುದು ಹೇಗೆ, ಅವಿಭಾಜ್ಯ ಸಂಖ್ಯೆಗಳನ್ನು ಆರಿಸುವುದು ಹೇಗೆ. ಹನ್ನೊಂದು ಮಂದಿ ಬರುತ್ತಿದ್ದವರು ಆರನೆಯ ವಾರಕ್ಕೆ ಮೂವರಾದರು. ಆ ಮೂವರೂ ನನ್ನ ಮೇಲಣ ದಾಕ್ಷಿಣ್ಯಕ್ಕೆ ಬರುತ್ತಿದ್ದರೆಂದು ಈಗ ತೋರುತ್ತದೆ. ಅವಿಭಾಜ್ಯ ಸಂಖ್ಯೆಗಳ ಸೌಂದರ್ಯ ನನಗೆ ಗೊತ್ತು. ಆದರೆ ಬಿಸಿಲಿನಲ್ಲಿ ಎರಡು ಮೈಲಿ ಸೈಕಲ್ ತುಳಿದು ಬಂದ ಹುಡುಗನಿಗೆ ಅವು ತುರ್ತಾಗಿ ಬೇಕಾಗಿರಲಿಲ್ಲ.

ಆ ಸಮಯದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳ ಸಂಗತಿಯನ್ನು ಓದಿದೆ. ಅವರು 2005ರಲ್ಲಿ ತಮಗೆ ತಾವೇ ಒಂದು ನೇಮ ಹಾಕಿಕೊಂಡರು. ಪ್ರತಿಯೊಂದು ಆಟವನ್ನೂ ಏಳು ದಿನಗಳ ಒಳಗೆ ಮುಗಿಸಬೇಕು, ಒಬ್ಬರೇ ಮಾಡಬೇಕು, ಗುರುತ್ವಾಕರ್ಷಣೆಯೋ ಗಿಡಮರಗಳೋ, ಯಾವುದಾದರೂ ಒಂದು ವಿಷಯಕ್ಕೆ ಎಲ್ಲರೂ ಕಟ್ಟುಬೀಳಬೇಕು. ಒಂದು ಅರ್ಧವರ್ಷದಲ್ಲಿ ಐವತ್ತಕ್ಕೂ ಹೆಚ್ಚು ಆಟಗಳಾದವು. ಹೆಚ್ಚಿನವು ಮರೆತುಹೋದವು, ಒಂದು ಮಾತ್ರ ಬೆಳೆದು 2008ರಲ್ಲಿ ‘ವರ್ಲ್ಡ್ ಆಫ್ ಗೂ’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ನನ್ನ ಮನಸ್ಸು ಹೋದದ್ದು ಪ್ರಸಿದ್ಧವಾದ ಒಂದರ ಕಡೆಗಲ್ಲ, ಮರೆತುಹೋದವುಗಳ ಕಡೆಗೆ. ಕಲಿತದ್ದು ಅವುಗಳಿಂದಲೇ ಅಲ್ಲವೆ?

ಇದಕ್ಕಿಂತ ಹಳೆಯ ನಿದರ್ಶನವೂ ಉಂಟು. 1972ರಲ್ಲಿ ಅಟಾರಿ ಎಂಬ ಸಂಸ್ಥೆಗೆ ಆಲ್ಕಾರ್ನ್ ಎಂಬ ತರುಣ ಎಂಜಿನಿಯರ್ ಹೊಸದಾಗಿ ಸೇರಿದಾಗ, ಒಡೆಯನಾದ ಬುಶ್ನೆಲ್ ಆತನ ಕೈಪಳಗಲೆಂದು ಒಂದು ಚೆಂಡು, ಎರಡು ದಾಂಡು, ಅಂಕ ತೋರಿಸುವ ಒಂದು ಸಾಧನ, ಇಷ್ಟೇ ಇರುವ ಆಟವನ್ನು ಮಾಡಲು ಹೇಳಿದ. ದೊಡ್ಡ ಕಂಪನಿಯೊಂದು ಇದನ್ನು ಕೇಳಿದೆಯೆಂದು ಸುಳ್ಳನ್ನೂ ಹೇಳಿದ. ಅಭ್ಯಾಸಕ್ಕೆಂದು ಮಾಡಿದ ಆ ‘ಪಾಂಗ್’ ಆಟವನ್ನು ಸನ್ನಿವೇಲ್ ಊರಿನ ಮದ್ಯದಂಗಡಿಯಲ್ಲಿ ಇಟ್ಟರು. ಕೆಲವು ದಿನಗಳ ಮೇಲೆ ಯಂತ್ರ ಕೆಟ್ಟಿದೆಯೆಂದು ಕರೆ ಬಂತು. ಹೋಗಿ ನೋಡಿದರೆ, ಕಾಸಿನ ಡಬ್ಬಿ ತುಂಬಿ ಕಟ್ಟಿಕೊಂಡಿತ್ತು. (ಆ ಯಂತ್ರದೊಳಗೆ ಪ್ರೋಗ್ರಾಮೇ ಇರಲಿಲ್ಲ, ತಂತಿ ಮತ್ತು ಬಿಲ್ಲೆಗಳಲ್ಲಿಯೇ ಕೆಲಸ ನಡೆಯುತ್ತಿತ್ತು ಎಂಬುದನ್ನು ಹೇಳದಿದ್ದರೆ ಬಲ್ಲವರು ನನ್ನನ್ನು ತಿದ್ದಿಯಾರು.)

ನಮ್ಮ ಜಗಲಿಯ ಮೊದಲ ಆಟವೂ ಆ ಚೆಂಡಿನದೇ. ಪೈಥಾನ್ ಎಂಬ ಭಾಷೆ, ಅದರ ಜೊತೆಗೆ ಪೈಗೇಮ್ ಎಂಬ ಉಪಕರಣಗಳ ಕಟ್ಟು, ಎರಡಕ್ಕೂ ಕಾಸಿಲ್ಲ. ಚಲನಚಿತ್ರದ ಗುಟ್ಟು ಕೇಳುಗರಿಗೆ ತಿಳಿದದ್ದೇ. ಸೆಕೆಂಡಿಗೆ 24 ಸ್ಥಿರಚಿತ್ರಗಳು ಒಂದರ ಹಿಂದೊಂದು ಸರಿದರೆ ನಮಗೆ ಚಲನೆಯಾಗಿ ಕಾಣುತ್ತದೆ. ಆಟದ ಪ್ರೋಗ್ರಾಮೂ ಹಾಗೆಯೇ, ಸೆಕೆಂಡಿಗೆ 30 ಸಲವೋ 60 ಸಲವೋ ಮೂರು ಕೆಲಸಗಳನ್ನು ಮಾಡುತ್ತದೆ: ಆಡುವವನು ಏನನ್ನು ಒತ್ತಿದನೆಂದು ಕೇಳುತ್ತದೆ, ಎಲ್ಲವನ್ನೂ ಒಂದು ಹೆಜ್ಜೆ ಸರಿಸುತ್ತದೆ, ಚಿತ್ರವನ್ನು ಮತ್ತೆ ಬರೆಯುತ್ತದೆ. ಚೆಂಡು ಗೋಡೆಯನ್ನು ದಾಟಿದರೆ ಅದರ ದಿಕ್ಕನ್ನು ತಿರುಗಿಸು ಎಂದು ಒಬ್ಬ ಹುಡುಗ ಬರೆದ. ಸರಿಯಾಗಿಯೇ ಇತ್ತು. ಆದರೆ ಚೆಂಡಿನ ವೇಗವನ್ನು ಹೆಚ್ಚು ಕಡಿಮೆ ಮಾಡಿ ನೋಡುತ್ತಿರುವಾಗ ಅದು ಒಮ್ಮೆ ಗೋಡೆಗೆ ಅಂಟಿಕೊಂಡು ಜ್ವರ ಬಂದವರಂತೆ ನಡುಗತೊಡಗಿತು. ಎಲ್ಲರೂ ನಕ್ಕರು. ಆಮೇಲೆ ಸುಮಾರು ಒಂದು ಗಂಟೆ ಯಾರೂ ನಗಲಿಲ್ಲ. ಕೊನೆಗೆ ಆ ಹುಡುಗನೇ ಕಂಡುಕೊಂಡ: ತಿರುಗಿದ ಚೆಂಡು ಮರುಕ್ಷಣದಲ್ಲಿ ಇನ್ನೂ ಗೋಡೆಯ ಆಚೆಯೇ ಇದ್ದರೆ ಯಂತ್ರ ಅದನ್ನು ಮತ್ತೆ ತಿರುಗಿಸುತ್ತದೆ, ಮತ್ತೆ ಆಚೆ, ಮತ್ತೆ ಈಚೆ. ಗೋಡೆಯ ಕಡೆಗೆ ಹೋಗುತ್ತಿದ್ದರೆ ಮಾತ್ರ ತಿರುಗಿಸು ಎಂದು ಒಂದು ಮಾತು ಸೇರಿಸಿದ, ನಡುಕ ನಿಂತಿತು. ಋಣಚಿಹ್ನೆಯನ್ನು ಕುರಿತು ನಾನು ಮೂವತ್ತು ವರ್ಷ ಮಾಡಿದ ಯಾವ ಪಾಠವೂ ಇಷ್ಟು ಆಳಕ್ಕೆ ಇಳಿದಿರಲಾರದು.

ಮೂರನೆಯ ವಾರ ಚೌಕಾಬಾರ. ಐದೈದು ಮನೆಗಳ ಚೌಕ, ನಾಲ್ಕು ಕವಡೆ. ಬಾಯಿ ಮೇಲಾದ ಕವಡೆಗಳೆಷ್ಟೋ ಅಷ್ಟು ಮನೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾಗಿ ಬಿದ್ದರೆ ಬಾರ, ಎಂದರೆ ಎಂಟು. ಮನೆಮನೆಯಲ್ಲಿ ಬಲ್ಲ ಆಟ. ಒಬ್ಬಳು ಹುಡುಗಿ ಅಚ್ಚುಕಟ್ಟಾಗಿ ಮುಗಿಸಿ ತಂದಳು. ನನಗೆ ತಪ್ಪು ಕಾಣಲಿಲ್ಲ. ಪಕ್ಕದ ಮನೆಯ ಅಜ್ಜಿಯನ್ನು ಕರೆದು ಆಡಲು ಕೂರಿಸಿದೆವು. ಆಕೆ ಹತ್ತು ಹದಿನೈದು ಸಲ ಗುಂಡಿ ಒತ್ತಿ, ಕನ್ನಡಕ ತೆಗೆದು, “ಇದ್ಯಾವ ಕವಡೆ ಮಗ? ಇಷ್ಟೊಂದು ಬಾರ ಬೀಳ್ತದಾ? ಇದು ಮೋಸದಾಟ” ಎಂದರು.

ನೋಡಿದರೆ ಅಜ್ಜಿಯ ಮಾತೇ ದಿಟ. ಒಂದು, ಎರಡು, ಮೂರು, ನಾಲ್ಕು, ಎಂಟು, ಇವುಗಳಲ್ಲಿ ಯಾವುದಾದರೊಂದನ್ನು ಆರಿಸು ಎಂದು ಹುಡುಗಿ ಯಂತ್ರಕ್ಕೆ ಹೇಳಿದ್ದಳು. ಆಗ ಐದರಲ್ಲಿ ಒಂದು ಸಲ ಬಾರ. ನಾಲ್ಕು ನಾಣ್ಯಗಳನ್ನು ಚಿಮ್ಮಿದರೆ ಆಗಬಹುದಾದದ್ದು 16 ಬಗೆ. ಅದರಲ್ಲಿ ಎರಡು ಬೀಳುವುದು 6 ಬಗೆಯಲ್ಲಿ, ಬಾರ ಬೀಳುವುದು ಒಂದೇ ಬಗೆಯಲ್ಲಿ. ಸಂಭವನೀಯತೆಯ ಈ ಲೆಕ್ಕವನ್ನು ಆ ಹುಡುಗಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು. ಕವಡೆ ಕೈಗೆ ಬಂದಾಗ ಅದು ನೆನಪಿಗೆ ಬಂದಿರಲಿಲ್ಲ. ಲೆಕ್ಕವನ್ನು ಕಲಿಯದ ಅಜ್ಜಿಯ ಬೆರಳಿಗೆ ಅದು ಅರುವತ್ತು ವರ್ಷಗಳಿಂದ ಗೊತ್ತಿತ್ತು. ನಾಣ್ಯದ ಲೆಕ್ಕ ಹಾಕಿ ತಿದ್ದಿದ ಮೇಲೆಯೂ ಅಜ್ಜಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಕವಡೆ ನಾಣ್ಯವಲ್ಲವಲ್ಲ, ಅದರ ಬೆನ್ನಿಗೂ ಹೊಟ್ಟೆಗೂ ಒಂದೇ ತೂಕವಿಲ್ಲ. ಆಕೆಯ ಸಂಚಿಯಿಂದ ನಿಜವಾದ ಕವಡೆಗಳನ್ನೇ ಈಸಿಕೊಂಡು, ಇಡೀ ಮಧ್ಯಾಹ್ನ ಎಸೆದು ಎಸೆದು ಗುರುತು ಹಾಕಿಕೊಂಡು ಆ ಪ್ರಮಾಣವನ್ನೇ ಯಂತ್ರಕ್ಕೆ ಕೊಟ್ಟರು.

ಆಟವೆಂದರೆ ಕೆಲಸವಿಲ್ಲದವರ ಹವ್ಯಾಸವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅರಿಕುಠಾರವಾಗಿದ್ದ ಊರಿಗೆ ತಮ್ಮ ತಂದೆಯ ನೆನಪಿಗಾಗಿ ಚಾಮರಾಜನಗರವೆಂಬ ಹೆಸರನ್ನಿಟ್ಟು, ಅಲ್ಲಿ ಚಾಮರಾಜೇಶ್ವರನ ದೇವಾಲಯ ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನೂ ಎಲೆಯಾಟಗಳನ್ನೂ ಕಲ್ಪಿಸಿದವರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ನಡಿಗೆಯನ್ನು ಕುರಿತು ತಲೆ ಕೆಡಿಸಿಕೊಂಡವರು. ಈ ಕುದುರೆಯ ನಡಿಗೆಯನ್ನೂ ಒಂದು ವಾರ ಕೈಗೆತ್ತಿಕೊಂಡೆವು. ಯಾರೂ ಮುಗಿಸಲಿಲ್ಲ. ಮುಗಿಯದ ವಾರಗಳೂ ಇವೆ.

ಹುಡುಗನೊಬ್ಬ ಬಂಡೀಪುರದ ಕಾಡನ್ನೇ ಆಟವಾಗಿ ಮಾಡಲು ಹೊರಟ. ಜೀಪು, ಆನೆಗಳ ಹಿಂಡು, ಮಳೆ, ರಾತ್ರಿ. ವಾರದ ಮಿತಿಯನ್ನು ಅವನಿಗೆ ಸಡಿಲಿಸಿದೆ. ಅದು ನನ್ನ ತಪ್ಪು. ಮೂರು ತಿಂಗಳು ಕಳೆದರೂ ಅವನ ಕಾಡಿನಲ್ಲಿ ಮರಗಳು ಮಾತ್ರ ಇದ್ದವು. ಮರಗಳು ಬಹಳ ಚೆನ್ನಾಗಿದ್ದವು. ಆಮೇಲೆ ಅವನು ಬರುವುದನ್ನು ಬಿಟ್ಟ. ಈಗ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾನೆ. ಸಿಕ್ಕಿದಾಗ ಕಾಡಿನ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ. ಏಳು ದಿನ ಎಂದು ಕಟ್ಟುನಿಟ್ಟಾಗಿ ಹೇಳಿದ್ದರೆ ಅವನು ಒಂದು ಮರ, ಒಂದು ಆನೆಯ ಆಟವನ್ನು ಮಾಡಿರುತ್ತಿದ್ದ; ಮುಂದಿನ ಶನಿವಾರ ಮತ್ತೆ ಬರುತ್ತಿದ್ದ.

ಇನ್ನು ಹುಲಿ-ಕುರಿಯ ಆಟ. ಇದಕ್ಕೆ ನಾವು ಆರಿಸಿಕೊಂಡದ್ದು 3 ಹುಲಿ, 15 ಕುರಿ, ಗೆರೆಗಳು ಕೂಡುವ 23 ಮನೆಗಳ ಚಿತ್ರ. ಆರಂಭದಲ್ಲಿಯೇ ಜಗಳವಾಯಿತು. ಕುರಿಗಳನ್ನೆಲ್ಲ ಇಟ್ಟು ಮುಗಿಯುವ ಮೊದಲೇ ಹುಲಿ ತಿನ್ನಬಹುದು ಎಂದು ಒಂದು ಊರಿನವರು. ಕೂಡದು ಎಂದು ಇನ್ನೊಂದು ಊರಿನವರು. ಊರುಗಳ ನಡುವೆ ಇರುವುದು ಒಂದು ಕೆರೆ. ಜಗಲಿಯ ಮೇಲೆ ಆಡುವಾಗ ಇಂಥ ಜಗಳವನ್ನು ಜೋರು ದನಿಯವರು ತೀರ್ಮಾನಿಸುತ್ತಾರೆ. ಯಂತ್ರದ ಮುಂದೆ ಜೋರು ದನಿ ನಡೆಯುವುದಿಲ್ಲ. ಹೌದು ಅಥವಾ ಇಲ್ಲ ಎಂದು ಬರೆದು ಕೊಡಬೇಕು. ತಾವು ಹುಟ್ಟಿದಂದಿನಿಂದ ಆಡಿದ ಆಟದ ನಿಯಮವನ್ನು ತಾವು ಎಂದೂ ಬಾಯಿಬಿಟ್ಟು ಹೇಳಿಯೇ ಇರಲಿಲ್ಲವೆಂಬುದು ಹುಡುಗರಿಗೆ ಅಂದು ಗೊತ್ತಾಯಿತು.

ಈ ಆಟವನ್ನು ಮುಗಿಸಿದವಳು ಚೌಕಾಬಾರ ಮಾಡಿದ ಹುಡುಗಿಯೇ. ಪೈಥಾನಿನ ಆಜ್ಞೆಗಳು ಇಂಗ್ಲಿಷಿನವು. ಆದರೆ 2008ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯಿಂದ ಈಚೆಗೆ, ನಾವು ಇಟ್ಟುಕೊಳ್ಳುವ ಹೆಸರುಗಳು ಕನ್ನಡದಲ್ಲಿಯೇ ಇರಬಹುದು. ಆಕೆಯ ಪ್ರೋಗ್ರಾಮಿನಲ್ಲಿ ‘ಹುಲಿ’, ‘ಕುರಿ’, ‘ಉಳಿದಕುರಿ’ ಎಂದು ಬರೆದದ್ದನ್ನು ನೋಡಿ ನನಗೆ ಏನೋ ಸಂತೋಷವಾಯಿತು.

ಆ ಶನಿವಾರವೇ ಆಕೆಯ ತಂದೆ ಬಂದ. ಅರಿಸಿನ ಬೆಳೆಯುವ ಒಕ್ಕಲಿಗ. ಮಗಳನ್ನು ಆ ವರ್ಷ ಕಾಲೇಜು ಬಿಡಿಸಿ ಮದುವೆ ಮಾಡುವ ಮಾತು ನಡೆದಿತ್ತೆಂದು ನನಗೆ ಮೊದಲೇ ತಿಳಿದಿತ್ತು. ಜಗಲಿಯ ಕೆಳಗೇ ನಿಂತು, “ಮೇಷ್ಟ್ರೆ, ಓದ್ಲಿ ಅಂತ ಮಗಳ ಕಳುಸುದ್ರ, ನೀವು ಯಾನ ಆಟ ಆಡುಸ್ಕಂಡು ಕೂತಿದ್ದರಿ?” ಎಂದು ಕೇಳಿದ. ಉತ್ತರ ಹೇಳಲು ನನಗೆ ತೋಚಲಿಲ್ಲ. ಹುಡುಗಿ ತಲೆಯೆತ್ತದೆ ಲ್ಯಾಪ್‌ಟಾಪನ್ನು ಆತನ ಕಡೆಗೆ ತಿರುಗಿಸಿದಳು. ಹುಲಿ-ಕುರಿಯ ಚಿತ್ರವನ್ನು ಕಂಡು ಆತ ನಿಂತಲ್ಲಿಂದಲೇ ಒಂದು ನಡೆ ಹೇಳಿದ. ಎರಡನೆಯ ನಡೆಗೆ ಜಗಲಿಯ ಅಂಚಿನಲ್ಲಿ ಕುಳಿತ.

ಕುರಿಗಳು ಆತನವು, ಹುಲಿ ಯಂತ್ರದ್ದು. ಐದಾರು ನಡೆಗಳಾದ ಮೇಲೆ ಆತ ಗುಡುಗಿದ: “ಹುಲಿ ಎಲ್ಲಾರ ಮೂಲೆ ತಿರುಗಿ ನೆಗೀತದಾ?” ಹುಡುಗಿ ಬೆಚ್ಚಿ ನೋಡಿದಳು. ಪಕ್ಕದ ಮನೆಯಲ್ಲಿ ಕುರಿಯಿದ್ದು, ಅದರ ಪಕ್ಕದ ಮನೆ ತೆರಪಾಗಿದ್ದರೆ ನೆಗೆಯಬಹುದೆಂದು ಬರೆದಿದ್ದಳು. ಮೂರೂ ಒಂದೇ ನೇರ ಗೆರೆಯಲ್ಲಿ ಇರಬೇಕೆಂದು ಬರೆದಿರಲಿಲ್ಲ. ಹಾಗೆ ನೆಗೆಯಬಹುದಾದ ಮನೆಗಳನ್ನೆಲ್ಲ ಮೂರು ಮೂರಾಗಿ ಪಟ್ಟಿ ಮಾಡಿಕೊಡಬೇಕಾಗಿತ್ತು. ತಂದೆ ಬೆರಳಿನಿಂದ ಗೆರೆ ತೋರಿಸುತ್ತ ಹೇಳಿದ, ಮಗಳು ಬರೆದುಕೊಂಡಳು. ತಿದ್ದಿದ ಮೇಲೆ ಮತ್ತೆ ಆಡಿದ. ಸಿಕ್ಕಿದಾಗಲೆಲ್ಲ ತಿನ್ನು ಎಂಬುದಷ್ಟೇ ಆ ಹುಲಿಗೆ ಗೊತ್ತಿದ್ದ ಬುದ್ಧಿ. ಆತ ಒಂದು ಕುರಿಯನ್ನು ಬೇಕೆಂದೇ ಮುಂದೆ ಬಿಟ್ಟು, ತಿನ್ನಲು ಬಂದ ಹುಲಿಯನ್ನು ಸುತ್ತ ಕಟ್ಟಿಹಾಕಿದ, ಹಾಗೆಯೇ ಮೂರನ್ನೂ. “ಹಸ್ದಿರ ಹುಲಿ, ಪೆದ್ದ ಹುಲಿ” ಎಂದು ಎದ್ದು, ಟವಲ್ಲು ಕೊಡವಿ, ಮಗಳನ್ನು ಕರೆದುಕೊಂಡು ಹೊರಟುಹೋದ. ಮದುವೆಯ ಮಾತನ್ನು ಆತ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದಿನ ವಾರ ಆಕೆ ಬರುವಳೋ ಇಲ್ಲವೋ ಎಂದು ಆ ಏಳು ದಿನ ನಾನು ಯೋಚಿಸಿದ್ದುಂಟು. ಈ ಹುಡುಗರೆಲ್ಲ ಆಟ ತಯಾರಿಸುವ ಕಂಪನಿಗಳಿಗೆ ಸೇರಿ ಸಂಬಳ ಎಣಿಸುತ್ತಾರೆಂದು ಯಾವ ತಂದೆಗೂ ನಾನು ಭರವಸೆ ಕೊಟ್ಟಿಲ್ಲ, ಕೊಡಲಾರೆ. ಶನಿವಾರ ಬಂತು. ಮಧ್ಯಾಹ್ನದ ಗಾಡಿ ಹೋದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮಗಳು ಬಂದಳು. ಹಿಂದೆ, ಹೊಲದಿಂದ ನೇರವಾಗಿ ಬಂದಿದ್ದ ತಂದೆ. ಚಪ್ಪಲಿ ಬಿಡುತ್ತಲೇ ಕೇಳಿದ:

“ಹುಲಿಗ ಬುದ್ಧಿ ಬಂದದ?”

“ಕೂತ್ಕ ಅಪ್ಪ, ನೋಡು” ಎಂದಳು ಹುಡುಗಿ.