ಗಾಡಿಯ ಎಣ್ಣೆ, ನಮ್ಮ ಪಗಾರ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಎಣ್ಣೆಯ ವಿಷಯ ಮಾತನಾಡಬೇಕೆಂದು ಕಾರ್ಯಕಾರಿ ಸಮಿತಿಯವರು ಅಪ್ಪಣೆ ಮಾಡಿದಾಗ ನಮಗೇ ನಗು ಬಂದಿತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಮುಂಬಯಿಗೆ ಬಂದು, ಕಪ್ಪುಬಸಿ ತೊಳೆದು ದೊಡ್ಡವರಾದ ನಾವು ಇಂಜಿನಿಯರರಲ್ಲ. ಆದರೆ ಹೋಟೆಲಿನ ಕೆಲಸ ಈಗ ಟೇಬಲ್ಲಿನ ಬಳಿಗೇ ಮುಗಿಯುವುದಿಲ್ಲ. ಇಡ್ಲಿ ದೋಸೆಯ ಪೊಟ್ಟಣ ಗಿರಾಕಿಯ ಮನೆಯ ಬಾಗಿಲಿಗೇ ಹೋಗಬೇಕು. ನಮ್ಮವರಲ್ಲಿ ಅನೇಕರು ಮಾಣಿಯ ಕೆಲಸ ಬಿಟ್ಟು ಗಾಡಿ ಹತ್ತಿದ್ದಾರೆ. ಗಾಡಿ ನಮ್ಮದು, ಅದರ ಸಾಲ ನಮ್ಮದು, ಪೆಟ್ರೋಲು ನಮ್ಮದು. ಗಾಡಿ ಕೆಟ್ಟು ನಿಂತರೆ ಆ ದಿನದ ಸಂಪಾದನೆಯೂ ಹೋಗುವುದು ನಮ್ಮದೇ. ಆದುದರಿಂದ ಎಣ್ಣೆಯ ಮಾತೂ ಪಗಾರದ ಮಾತೇ.

ಮೊದಲು ನಾವು ಪೆಟ್ಟು ತಿಂದ ಕತೆಯನ್ನೇ ಹೇಳುತ್ತೇವೆ. 2017ರ ಮಳೆಗಾಲ. ನಮ್ಮಲ್ಲಿ ಆಗ ಕೈ ಬದಲಾದ ಒಂದು 100 ಸಿ.ಸಿ. ಗಾಡಿ ಇತ್ತು. ಎಣ್ಣೆ ಬದಲಿಸುವ ಹೊತ್ತಾಗಿತ್ತು. ಖೋಲಿಯ ಹತ್ತಿರದ ಅಂಗಡಿಯವನು, “ಎಣ್ಣೆ ಎಂದರೆ ಎಣ್ಣೆ, ಇದು ಕಾರಿಗೇ ಹಾಕುವಂಥದು, ನಿಮ್ಮ ಗಾಡಿಗೆ ಸಾಲದೇ?” ಎಂದ. 60 ರೂಪಾಯಿ ಕಡಿಮೆಯೂ ಇತ್ತು. ಹಾಕಿಸಿಕೊಂಡೆವು. ಕೆಲವು ದಿನಗಳ ಮೇಲೆ, ರಾತ್ರಿ ಊಟದ ಪೊಟ್ಟಣಗಳನ್ನು ಹೊತ್ತು ಒಂದು ಮೇಲ್ಸೇತುವೆ ಏರುತ್ತಿದ್ದಾಗ ಇಂಜಿನು ಬೊಬ್ಬೆ ಹಾಕುತ್ತದೆ, ಚಕ್ರ ಮುಂದಕ್ಕೆ ಹೋಗುವುದಿಲ್ಲ! ಹಿಂದೆ ಲಾರಿ, ಮೇಲೆ ಮಳೆ. ಗಾಡಿಯನ್ನು ತಳ್ಳಿಕೊಂಡು ಬದಿಗೆ ಸೇರಿಸುವಷ್ಟರಲ್ಲಿ ಸಾಂಬಾರು ಚೆಲ್ಲಿ ಹೋಗಿತ್ತು. ಆ ಊಟದ ಬೆಲೆಯನ್ನು ಧಣಿಗಳು ನಮ್ಮ ಲೆಕ್ಕಕ್ಕೇ ಬರೆದರು. ಕ್ಲಚ್ಚಿನ ಪ್ಲೇಟುಗಳನ್ನು ಬದಲಿಸುವ ತನಕ 4 ದಿನ ಕೆಲಸವಿಲ್ಲ. 60 ರೂಪಾಯಿಯ ಲಾಭ ಹೀಗಾಯಿತು.

ಕಾರಣ ಆಮೇಲೆ ತಿಳಿಯಿತು. ಸಾಮಾನ್ಯವಾಗಿ ಗೇರಿನ ಕಾರಿನಲ್ಲಿ ಕ್ಲಚ್ಚು ಇಂಜಿನಿನ ಎಣ್ಣೆಯಿಂದ ದೂರ, ಒಣಗಿದ ಜಾಗದಲ್ಲಿ ಇರುತ್ತದೆ. ನಮ್ಮ ಮೋಟಾರುಸೈಕಲ್ಲಿನಲ್ಲಿ ಇಂಜಿನು, ಕ್ಲಚ್ಚು, ಗೇರು ಮೂರೂ ಒಂದೇ ಎಣ್ಣೆಯಲ್ಲಿ ಮಿಂದಿರುತ್ತವೆ. ಒಂದೇ ಖೋಲಿಯಲ್ಲಿ ಮೂರು ಸಂಸಾರ ಇದ್ದ ಹಾಗೆ. ಕಾರಿನ ಎಣ್ಣೆಗಳಲ್ಲಿ ಅನೇಕಕ್ಕೆ, ಪೆಟ್ರೋಲು ಉಳಿಯಲೆಂದು, ನುಣುಪು ಹೆಚ್ಚಿಸುವ ಮದ್ದು ಸೇರಿಸಿರುತ್ತಾರೆ. ಕ್ಲಚ್ಚಿಗೆ ಬೇಕಾದುದು ಹಿಡಿತ. ಅದೇ ಜಾರಿದರೆ ಗಾಡಿ ಏರುವುದೆಲ್ಲಿಂದ? ಆದುದರಿಂದ ಡಬ್ಬಿಯ ಮೇಲೆ ಜಪಾನಿನವರು ಗೊತ್ತುಮಾಡಿದ ‘ಜಾಸೊ ಎಂಎ’ ಅಥವಾ ‘ಎಂಎ2’ ಎಂಬ ಗುರುತನ್ನು ನೋಡಿಯೇ ಕೊಳ್ಳತಕ್ಕದ್ದು. ‘ಎಂಬಿ’ ಎಂದಿದ್ದರೆ ಅದು ಬೆಲ್ಟಿನ ಸ್ಕೂಟರುಗಳಿಗೆ. ಅವುಗಳ ಕ್ಲಚ್ಚು ಎಣ್ಣೆಯಲ್ಲಿ ಇರುವುದಿಲ್ಲ.

ಇನ್ನು ಅಂಕಿಗಳ ಮಾತು. ‘10ಡಬ್ಲ್ಯು-30’ ಎಂದು ಬರೆದಿರುತ್ತದಷ್ಟೆ. ಡಬ್ಲ್ಯು ಎಂದರೆ ಚಳಿಗಾಲದ ಗುರುತು. ಮೊದಲನೆಯ ಅಂಕಿ ತಣ್ಣಗಿರುವಾಗ ಎಣ್ಣೆ ಎಷ್ಟು ಸರಾಗ ಎಂಬುದನ್ನು ಹೇಳುತ್ತದೆ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅದು ಎಷ್ಟು ಮಂದ ಎಂಬುದನ್ನು. “ಮುಂಬಯಿಯಲ್ಲಿ ಚಳಿ ಎಲ್ಲಿದೆ? ದಪ್ಪ ಎಣ್ಣೆಯೇ ಒಳ್ಳೆಯದು” ಎಂದು ವಾದಿಸುವ ಅಣ್ಣಂದಿರು ಇಲ್ಲಿಯೂ ಕುಳಿತಿದ್ದಾರೆ. ಆದರೆ ಮುಂಜಾನೆ ಒದ್ದು ಚಾಲೂ ಮಾಡಿದ ಕೂಡಲೆ ಎಣ್ಣೆ ಮೇಲಿನ ತನಕ ಬೇಗನೆ ಏರಬೇಕು. ದಪ್ಪ ಎಣ್ಣೆ ತಡಮಾಡುತ್ತದೆ, ಪೆಟ್ರೋಲನ್ನೂ ಹೆಚ್ಚು ಕುಡಿಸುತ್ತದೆ. ಗಾಡಿಯೊಂದಿಗೆ ಕೊಟ್ಟ ಪುಸ್ತಕದಲ್ಲಿ ಏನಿದೆಯೋ ಅದೇ ಪ್ರಮಾಣ. ಹಳೆಯ ಇಂಜಿನು ಹೊಗೆ ಕಾರುವಾಗ ದಪ್ಪ ಎಣ್ಣೆ ಹಾಕಿದರೆ ನಾಲ್ಕು ದಿನ ಬಾಯಿ ಮುಚ್ಚೀತು. ಸವೆದ ರಿಂಗು ಅದರಿಂದ ಬೆಳೆಯುವುದಿಲ್ಲ. ಸಿಂಥೆಟಿಕ್ ಎಣ್ಣೆ ಒಳ್ಳೆಯದೇ, ಆದರೆ ಹೆಚ್ಚಿನ ಹಣ ಕೊಟ್ಟು ಹೊತ್ತು ಮೀರಿಸಿ ಓಡಿಸುವುದಕ್ಕಿಂತ ಸಾಧಾರಣ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು ಮೇಲೆಂದು ನಮ್ಮ ಅಭಿಪ್ರಾಯ.

ಹೊತ್ತು ಯಾವುದು? ಇಲ್ಲಿ ನಮ್ಮ ಹೋಟೆಲ್ ಬುದ್ಧಿ ಮೋಸಮಾಡುತ್ತದೆ. ಬೋಂಡಾ ಕರಿಯುವ ಬಾಣಲೆಯ ಎಣ್ಣೆ ಕಪ್ಪಾದರೆ ಚೆಲ್ಲಬೇಕು, ಧಣಿ ಬಯ್ದರೂ ಚೆಲ್ಲಬೇಕು. ಗಾಡಿಯ ಎಣ್ಣೆಗೆ ಆ ಕಾನೂನು ಸಲ್ಲದು. ಅದರಲ್ಲಿ ಮಸಿಯನ್ನು ತೊಳೆದು ಹಿಡಿದಿಟ್ಟುಕೊಳ್ಳುವ ಮದ್ದು ಇರುವುದರಿಂದ ಬೇಗನೆ ಕಪ್ಪಾಗುತ್ತದೆ. ಕೆಲಸ ಮಾಡುತ್ತಿದೆ ಎಂದೇ ಅರ್ಥ. ಬಣ್ಣ ನೋಡಬೇಡಿ, ಕಿಲೋಮೀಟರು ನೋಡಿ. ದಿನಕ್ಕೆ 100 ಕಿ.ಮೀ. ಓಡುವವನಿಗೆ 30 ದಿನದಲ್ಲಿ 3,000 ಕಿ.ಮೀ. ಆಗಿಹೋಗುತ್ತದೆ. ಪುಸ್ತಕದಲ್ಲಿ ಇದಕ್ಕಿಂತ ಹೆಚ್ಚಿನ ಅವಧಿ ಇರಬಹುದು. ಆದರೆ ಸಿಗ್ನಲ್ಲಿನಲ್ಲಿ, ಹೋಟೆಲಿನ ಬಾಗಿಲಲ್ಲಿ ನಿಂತು ಉರಿಯುವ ಇಂಜಿನಿನ ಲೆಕ್ಕವನ್ನು ಮೀಟರು ಬರೆಯುವುದಿಲ್ಲ. ಹೆಚ್ಚು ದುಡಿಯುವ ಗಾಡಿಗೆ ಬೇಗನೆ ಬದಲಿಸುವುದೇ ಕ್ಷೇಮ. ನಾವು 3,000ಕ್ಕೇ ಬದಲಿಸುತ್ತೇವೆ. ನಡುವೆ ವಾರಕ್ಕೊಮ್ಮೆ ಅಳತೆ ಕಡ್ಡಿ ತೆಗೆದು ನೋಡುತ್ತೇವೆ.

ಮಳೆಗಾಲದ ಒಂದು ಮಾತು ಬೇರೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿ.ಮೀ. ಮಳೆ ಸುರಿದುದನ್ನು ಹಿರಿಯರು ಮರೆತಿಲ್ಲ. ಅಷ್ಟು ಬಾರದಿದ್ದರೂ ಮೊಣಕಾಲು ನೀರು ಈ ಊರಿಗೆ ಹೊಸದಲ್ಲ. ಗಾಡಿ ನೀರಿನಲ್ಲಿ ಮುಳುಗಿ ನಿಂತಿದ್ದರೆ, ಅವಸರಪಟ್ಟು ಕಿಕ್ ಹೊಡೆಯಕೂಡದು. ಕಡ್ಡಿ ತೆಗೆದು ನೋಡಿ: ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಕಿಲೋಮೀಟರು ಎಷ್ಟೇ ಆಗಿರಲಿ, ಎಣ್ಣೆ ಚೆಲ್ಲಿ ಹೊಸದು ಹಾಕಿದ ಮೇಲೆಯೇ ಮುಂದಿನ ಮಾತು. ಸಿಲಿಂಡರಿಗೂ ನೀರು ಹೋಗಿದೆಯೇ ಎಂದು ಮೇಸ್ತ್ರಿಗೆ ತೋರಿಸುವುದು ಮೇಲು.

ಬದಲಿಸುವ ಕೆಲಸ ಕಠಿಣವಲ್ಲ. ಇಂಜಿನನ್ನು ಎರಡು ಮೂರು ನಿಮಿಷ ಓಡಿಸಿ ಬೆಚ್ಚಗೆ ಮಾಡಿ. ಕುದಿಯುವಷ್ಟು ಅಲ್ಲ, ಕೈ ಸುಟ್ಟೀತು. ಸಮ ನೆಲದಲ್ಲಿ ಮಧ್ಯದ ಸ್ಟ್ಯಾಂಡಿಗೆ ನಿಲ್ಲಿಸಿ, ಕೆಳಗೆ ಅಗಲದ ಟ್ರೇ ಇಟ್ಟು, ಮೇಲಿನ ಕಡ್ಡಿ ಬಿಚ್ಚಿ, ಆಮೇಲೆ ತಳದ ಬೋಲ್ಟು ಬಿಚ್ಚಬೇಕು. ಹಲ್ಲು ಜಾರದ ರಿಂಗ್ ಪಾನಾ ಬೇಕು, ಇಕ್ಕಳ ಬೇಡ. ತೊಟ್ಟಿಕ್ಕುವುದು ನಿಲ್ಲುವ ತನಕ ತಾಳ್ಮೆ ಇರಲಿ. ಬೋಲ್ಟು ಒರೆಸಿ, ವಾಷರು ಹಳತಾಗಿದ್ದರೆ ಹೊಸದು ಹಾಕಿ, ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ. ಅಲ್ಯೂಮಿನಿಯಮ್ಮಿನ ಚೂಡಿ ಮೆದು. ಪೈಲ್ವಾನನ ಹಾಗೆ ಬಿಗಿದರೆ ಅದು ಕಿತ್ತುಬರುತ್ತದೆ, ರಿಪೇರಿಗೆ ಎಣ್ಣೆಯ ಹಲವು ಪಾಲು ಖರ್ಚು. ಹಾಕುವ ಅಳತೆಯನ್ನೂ ಪುಸ್ತಕದಿಂದಲೇ ತಿಳಿಯಿರಿ. ಇಂಜಿನು ಬಿಚ್ಚಿ ಜೋಡಿಸಿದಾಗಿನ ಅಳತೆ ಒಂದು, ಬರಿದೆ ಬಸಿದಾಗಿನದು ಅದಕ್ಕಿಂತ ಕಡಿಮೆ. ಲೀಟರಿನ ಡಬ್ಬಿ ತಂದೆವೆಂದು ಇಡೀ ಲೀಟರು ಸುರಿಯುವುದು ತಪ್ಪು; ಹೆಚ್ಚಾದ ಎಣ್ಣೆ ನೊರೆಗಟ್ಟುತ್ತದೆ, ಸೋರುತ್ತದೆ. ಸ್ವಲ್ಪ ಕಡಿಮೆ ಹಾಕಿ, ಒಂದೆರಡು ನಿಮಿಷ ಓಡಿಸಿ, ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು ಕಡ್ಡಿಯಿಂದ ಅಳೆದು ಮೇಲಿನ ಗೆರೆ ಮೀರದಂತೆ ತುಂಬಿರಿ.

ಖಾಲಿ ಡಬ್ಬಿಯನ್ನು ಹಾಗೆಯೇ ಗುಜರಿಗೆ ಕೊಡಬೇಡಿ. ಅದರಲ್ಲೇ ಕೆಟ್ಟ ಎಣ್ಣೆ ತುಂಬಿ, ಮುಚ್ಚಳ ಬಿಗಿದು ಮಾರುವವರಿದ್ದಾರೆ. ನಮ್ಮ ಡಬ್ಬಿಯೇ ನಮ್ಮ ತಮ್ಮನಿಗೆ ಮೋಸಮಾಡುತ್ತದೆ. ಚೂರಿಯಿಂದ ಸೀಳಿ ಕೊಡಿ. ಕೊಳ್ಳುವಾಗಲೂ ಒಳಗಿನ ಸೀಲು ನೋಡಿ, ರಸೀದಿ ಕೇಳಿ. ಬಸಿದ ಹಳೆಯ ಎಣ್ಣೆಯನ್ನು ಚಾಳಿನ ಗಟಾರಕ್ಕೆ ಸುರಿಯಕೂಡದು. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಚರ್ಮಕ್ಕೂ ಕೇಡು, ಕೈಚೀಲ ಹಾಕಿ, ಆಮೇಲೆ ಸಾಬೂನಿನಿಂದ ತೊಳೆಯಿರಿ. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟರೆ, ಹಳೆ ಎಣ್ಣೆಯನ್ನು ಪರವಾನಿಗೆಯುಳ್ಳವರಿಗೆ ಒಪ್ಪಿಸುವ ಗ್ಯಾರೇಜಿಗೆ ಕೊಡಬಹುದು.

ಖರ್ಚಿನ ಲೆಕ್ಕವನ್ನು ಮಾತ್ರ ಮರೆಯದೆ ಬರೆದಿಡಿ: ತಾರೀಕು, ಮೀಟರಿನ ಅಂಕಿ, ಎಣ್ಣೆಯ ಬೆಲೆ, ಗಾಡಿ ನಿಂತ ದಿನ. ಸಾಗಾಟದ ದರ ಹೆಚ್ಚಿಸಿರೆಂದು ಧಣಿಗಳ ಮುಂದೆ ಕುಳಿತಾಗ, “ನಿಮಗೇನು ಖರ್ಚು?” ಎಂಬ ಪ್ರಶ್ನೆಗೆ ಕಳೆದ ಸಲ ನಮ್ಮವರು ಮುಖ ಮುಖ ನೋಡಿಕೊಂಡರು. ಈ ಸಲ 20 ಜನರ ವಹಿ ಮೇಜಿನ ಮೇಲೆ ಇರಬೇಕು.

ಬರುವ ರವಿವಾರ ಮುಂಜಾನೆ 7 ಗಂಟೆಗೆ ಸಂಘದ ಅಂಗಳದಲ್ಲಿ ಈ ಕೆಲಸವನ್ನು ಕೈಯಾರೆ ಮಾಡಿ ತೋರಿಸುತ್ತೇವೆ. ಪಾನಾ, ಟ್ರೇ, ಹಳೆ ಎಣ್ಣೆಯ ಕ್ಯಾನು ಸಂಘದ್ದು. ಎಣ್ಣೆ, ವಾಷರು, ಗಾಡಿಯ ಪುಸ್ತಕ ತಾವು ತರತಕ್ಕದ್ದು. ಪುಸ್ತಕ ಕಳೆದುಕೊಂಡವರು ಗಾಡಿಯ ಮಾದರಿಯ ಹೆಸರನ್ನು ಕಾರ್ಯದರ್ಶಿಗಳಲ್ಲಿ ಇಂದೇ ಬರೆಸಿ ಹೋಗಿರಿ.